ಜಟಕಾ ಕುದುರೆಯ ಕಣ್ಣು

ಶಿವಮೊಗ್ಗ ಸೀಮೆ ಕುದುರೆಗೆ ಒಗ್ಗುವ ನೆಲವಲ್ಲ. ಜಡಿಮಳೆ, ನೀರು ನಿಂತ ಗದ್ದೆ, ಸೊಳ್ಳೆ, ಮನೆಮನೆಗೂ ದನದ ಕೊಟ್ಟಿಗೆ. ಒಣಹವೆಯ ಪ್ರಾಣಿ ಕಾಯಿಲೆ ಬೀಳಲು ಇಷ್ಟು ಸಾಕು. ಆದರೂ ಶತಮಾನಗಟ್ಟಲೆ ಕುದುರೆ ಇಲ್ಲಿ ದುಡಿದಿದೆ: ಕೆಳದಿ ಅರಸರ ಲಾಯದಲ್ಲಿ, 1763ರಲ್ಲಿ ಬಿದನೂರು ಹಿಡಿದ ಹೈದರನ ದಂಡಿನಲ್ಲಿ, ಕೊನೆಗೆ ಶಿವಮೊಗ್ಗ, ಭದ್ರಾವತಿಗಳ ಜಟಕಾ ಗಾಡಿಗಳಲ್ಲಿ. ಈ ಎರಡು ಊರುಗಳಲ್ಲಿ ಪಶುವೈದ್ಯನಾಗಿ ಕೆಲಸ ಮಾಡಿದವನು ನಾನು. ಮಲೆನಾಡು ಕುದುರೆಯನ್ನು ಹೇಗೆ ನಡೆಸಿಕೊಂಡಿತು ಎಂದು ತಿಳಿಯಬೇಕಾದರೆ ಅದರ ಕಣ್ಣು ನೋಡಬೇಕು.

ಅರಬ್ ಕುದುರೆಗಳು ಭಟ್ಕಳದಂಥ ಬಂದರುಗಳಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು. ಹದಿಮೂರನೇ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿ ಕಂಡ ಮಾರ್ಕೊ ಪೋಲೊ, ಅಲ್ಲಿನ ಅರಸರು ವರ್ಷವರ್ಷವೂ ಸಾವಿರಾರು ಕುದುರೆ ಕೊಳ್ಳುತ್ತಾರೆ, ಆರೈಕೆ ಬಲ್ಲವರಿಲ್ಲದೆ ಬಹುಪಾಲು ಸಾಯುತ್ತವೆ ಎಂದು ಬರೆದ. ಆ ಮಾತನ್ನು ಕನ್ನಡ ನಾಡಿಗೂ ಹಚ್ಚುವವರಿದ್ದಾರೆ, ನಾನು ಒಪ್ಪುವುದಿಲ್ಲ. 1400ರ ಸುಮಾರಿಗೆ ಅಭಿನವಚಂದ್ರ ಕನ್ನಡದಲ್ಲೇ ಅಶ್ವವೈದ್ಯ ಬರೆದಿದ್ದ. 1627ರಲ್ಲಿ ಪದ್ಮಣ ಪಂಡಿತನ ‘ಹಯಸಾರ ಸಮುಚ್ಚಯ’ ಬಂತು. ನಮ್ಮ ಕೆಳದಿಯ ಬಸವಪ್ಪ ನಾಯಕ 1709ರ ಹೊತ್ತಿಗೆ ಸಂಸ್ಕೃತದಲ್ಲಿ ‘ಶಿವತತ್ತ್ವ ರತ್ನಾಕರ’ವೆಂಬ ವಿಶ್ವಕೋಶವನ್ನೇ ರಚಿಸಿ, ಅದರಲ್ಲಿ ಕುದುರೆಗೂ ಜಾಗ ಕೊಟ್ಟ. ಆದರೆ ಓಲೆಗರಿಯ ವಿದ್ಯೆ ಜಟಕಾದವರ ಓಣಿಯವರೆಗೆ ಬರಲಿಲ್ಲ.

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಶುರುಮಾಡಿತು, 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಸ್ಟೇಷನ್ನಿಗೂ ಪೇಟೆಗೂ ನಡುವೆ ಜನರನ್ನು ಸಾಗಿಸಿದ್ದು ಜಟಕಾ. ಹಗಲೆಲ್ಲ ಕಣ್ಣುಪಟ್ಟಿ ಕಟ್ಟಿಕೊಂಡು ಓಡಿದ ಕುದುರೆ ರಾತ್ರಿ ನಿಲ್ಲುತ್ತಿದ್ದುದು ಎಮ್ಮೆ, ದನಗಳ ಪಕ್ಕದಲ್ಲಿ, ಚರಂಡಿಯ ಅಂಚಿನಲ್ಲಿ. ರೋಗ ಬಂದದ್ದು ಅಲ್ಲಿಂದಲೇ.

“ಕಣ್ಣಾಗೆ ಏನೋ ಹರಿದಾಡ್ತೈತೆ, ಬೇಗ ಬರ್ರಿ ಡಾಕ್ಟ್ರೇ” ಎಂದು ಹಳೇ ಭದ್ರಾವತಿಯ ಸಾಬರೊಬ್ಬರು ಬೆಳಗಿನ ಜಾವವೇ ಬಾಗಿಲು ಬಡಿದಿದ್ದರು. ಎಳೆ ಪ್ರಾಯದ ಹೆಣ್ಣು ಕುದುರೆ. ಕಣ್ಣಿನಿಂದ ನೀರು ಸುರಿಯುತ್ತಿತ್ತು, ರೆಪ್ಪೆ ಬಿಗಿದು ಮುಚ್ಚಿತ್ತು. ಟಾರ್ಚ್ ಹಾಕಿ ರೆಪ್ಪೆ ಬಿಡಿಸಿದರೆ ನೀಲಿಗಟ್ಟಿದ ಪಾಪೆಯ, ಎಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯ, ಹಿಂದೆ ಹೊಲಿಗೆ ನೂಲಿನಂಥ ಬಿಳಿ ಹುಳು, ಸುರುಳಿ ಸುತ್ತುತ್ತ, ಬಿಚ್ಚುತ್ತ, ನಿಲ್ಲದೆ ಈಜುತ್ತಿತ್ತು.

ಅದು ಸೆಟೇರಿಯಾ. ದನದ ಹೊಟ್ಟೆಯ ಪೊಳ್ಳಿನಲ್ಲಿ, ದನಕ್ಕೆ ಹೆಚ್ಚಿನ ತೊಂದರೆ ಕೊಡದೆ ಬದುಕುವ ಹುಳು. ಅದರ ಮರಿಗಳು ದನದ ರಕ್ತದಲ್ಲಿರುತ್ತವೆ. ಸೊಳ್ಳೆ ರಕ್ತ ಹೀರಿ ಅವನ್ನು ಕುದುರೆಗೆ ದಾಟಿಸುತ್ತದೆ. ಕುದುರೆಯ ಮೈಯಲ್ಲಿ ದಾರಿ ತಪ್ಪಿದ ಮರಿ ಕಣ್ಣಿಗೆ ಹೋಗಬಹುದು, ಬೆನ್ನುಹುರಿಗೂ ಹೋಗಬಹುದು. ಬೆನ್ನುಹುರಿಗೆ ಹೋದರೆ ಹಿಂಗಾಲು ಸೋತು ಸೊಂಟ ಬೀಳುತ್ತದೆ. ಅದೇ ಕಮರಿ ರೋಗ. ಹುಳು ಹೊಕ್ಕ ಕುದುರೆಯ ಕಣ್ಣು ದೂರದ ಅಮೆರಿಕದವರನ್ನೂ ಬೆರಗುಗೊಳಿಸಿತ್ತು. ಅಲ್ಲಿನ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಫ್ರಾನ್ಸಿಸ್ ಹಾಪ್ಕಿನ್ಸನ್ 1780ರ ದಶಕದಲ್ಲಿ ಅಂಥದೊಂದು ಕುದುರೆಯ ಬಗ್ಗೆ ವಿದ್ವತ್ ಸಂಘಕ್ಕೆ ವರದಿ ಬರೆದ.

ಹುಳುವಿಗೆ ಮದ್ದೆಂದು ನಮ್ಮ ಕಡೆ ಹೊಗೆಸೊಪ್ಪಿನ ರಸ ಉಗುಳುತ್ತಿದ್ದರು, ಉಪ್ಪು ತುಂಬುತ್ತಿದ್ದರು. ಹುಳು ಇರುವುದು ಪಾಪೆಯ ಒಳಗೆ, ರಸ ಬೀಳುವುದು ಹೊರಗೆ. ಹುಳು ಸಾಯುತ್ತಿರಲಿಲ್ಲ, ಪಾಪೆ ಸುಡುತ್ತಿತ್ತು. ಹೀಗೆ ಒಂದು ಕಣ್ಣು ಕಳೆದುಕೊಂಡ ಕುದುರೆಗಳನ್ನು ಕಣ್ಣುಪಟ್ಟಿಯ ಮರೆಯಲ್ಲಿ ಮಾರಿಬಿಡುತ್ತಿದ್ದರು ಎಂದರೆ ಇವತ್ತಿಗೂ ನನಗೆ ಸಂಕಟ.

ಸರಿಯಾದ ಚಿಕಿತ್ಸೆ ಶಸ್ತ್ರಕ್ರಿಯೆಯೇ. ಮಂಪರು ಬರಿಸುವ ಮದ್ದು ಕೊಟ್ಟು, ಕಣ್ಣಿಗೆ ಮರಗಟ್ಟಿಸುವ ಹನಿ ಬಿಟ್ಟು, ಪಾಪೆಯೂ ಬಿಳಿಗುಡ್ಡೆಯೂ ಸೇರುವ ಅಂಚಿನಲ್ಲಿ ಸೂಜಿಯಿಂದ ಚುಚ್ಚಬೇಕು. ಒಳಗಿನ ನೀರು ಚಿಮ್ಮುವಾಗ ಹುಳುವೂ ಅದರ ಜೊತೆ ಬಂದುಬಿಡುತ್ತದೆ; ಬಾರದಿದ್ದರೆ ಚಿಮಟದಿಂದ ಹಿಡಿಯಬೇಕು. ಆ ಸಾಬರ ಕುದುರೆಗೆ ಸೂಜಿ ಎತ್ತಿದ ಕ್ಷಣಕ್ಕೇ ಹುಳು ನನ್ನ ಅಂಗೈ ಮೇಲಿತ್ತು. ಆಮೇಲೆ ಅಟ್ರೊಪಿನ್, ಆಂಟಿಬಯೋಟಿಕ್ ಹನಿ, ಕತ್ತಲ ಕೊಟ್ಟಿಗೆ. ಕೆಲವು ವಾರದಲ್ಲಿ ಪಾಪೆ ತಿಳಿಯಾಯಿತು.

ಕುದುರೆ ಮರಿಗಳ ಕಥೆ ಬೇರೆ. ಹೆಣ್ಣು ಕುದುರೆ ಸಾಕಿದವರ ಮನೆಯಲ್ಲಿ ಆಗೊಮ್ಮೆ ಈಗೊಮ್ಮೆ ಮರಿ ಹುಟ್ಟುತ್ತಿತ್ತು. ಕೈ ಬೀಸಿದರೆ ರೆಪ್ಪೆ ಮಿಟುಕಿಸುವುದಿಲ್ಲ, ಮರಿ ಕುರುಡು ಎಂದು ಹೆದರುತ್ತಿದ್ದರು. ಹುಟ್ಟಿದ ಮೊದಲ ಎರಡು ವಾರ ಮರಿಗೆ ಆ ಅಭ್ಯಾಸವೇ ಬಂದಿರುವುದಿಲ್ಲ, ಹೆದರಬೇಕಾಗಿಲ್ಲ. ಹೆದರಬೇಕಾದದ್ದು ರೆಪ್ಪೆ ಒಳಮಡಚಿದಾಗ. ಹಾಲು ಸಾಲದೆ ನೀರಿನಂಶ ಬತ್ತಿದ ಮರಿಯ ಕಣ್ಣು ಒಳಸೇರಿ, ರೆಪ್ಪೆ ಮಡಚಿಕೊಂಡು, ಕೂದಲು ಪಾಪೆಯನ್ನು ಉಜ್ಜಿ ಹುಣ್ಣು ಮಾಡುತ್ತದೆ. ಕಿತ್ತಳೆ ಬಣ್ಣದ ಫ್ಲೋರೆಸೀನ್ ಕಾಗದ ಮುಟ್ಟಿಸಿದರೆ ಹುಣ್ಣಿದ್ದ ಕಡೆ ಹಸಿರು ಹೊಳೆಯುತ್ತದೆ. ರೆಪ್ಪೆಗೆ ತಾತ್ಕಾಲಿಕ ಹೊಲಿಗೆ ಹಾಕಿ, ಮರಿಗೆ ಹಾಲು ಸಿಗುವಂತೆ ನೋಡಿಕೊಂಡರೆ ಕಣ್ಣು ಉಳಿಯುತ್ತದೆ.

ದೊಡ್ಡ ಕುದುರೆಗಳಲ್ಲಿ ಕಣ್ಣಿನೊಳಗಿನ ಉರಿಯೂತ ವಾಸಿಯಾದಂತೆ ಕಂಡು ತಿಂಗಳುಗಳ ಮೇಲೆ ಮರುಕಳಿಸುವುದುಂಟು. ಅದರ ಹಿಂದೆ ಇಲಿಜ್ವರ ತರುವ ಲೆಪ್ಟೊಸ್ಪೈರಾ ಇರಬಹುದು ಎಂಬುದನ್ನು ಗದ್ದೆ ಬಯಲಿನ ನಾವು ಮರೆಯಬಾರದು.

ಜಟಕಾ ಹೋಯಿತು. ಮದುವೆ ಮೆರವಣಿಗೆಗೆ, ಸವಾರಿಗೆ ಸಾಕಿದ ಕುದುರೆಗಳು ಈಗಲೂ ನಮ್ಮ ನಡುವೆ ಇವೆ. ಅವುಗಳ ಒಡೆಯರಲ್ಲಿ ನನ್ನದೊಂದು ಬಿನ್ನಹ: ಒಂದು ಕಣ್ಣು ಮುಚ್ಚಿ ನೀರು ಸುರಿಸಿದರೆ ನಾಳೆ ನೋಡೋಣ ಎನ್ನಬೇಡಿ. ಮನೆಯಲ್ಲಿ ಉಳಿದ ಹನಿಯನ್ನಂತೂ ಬಿಡಲೇಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ, ಪಾಪೆಯಲ್ಲಿ ಹುಣ್ಣಿದ್ದರೆ, ಕಣ್ಣು ಹೋಗುತ್ತದೆ. ದನದ ಕೊಟ್ಟಿಗೆಯಿಂದ ಕುದುರೆಯನ್ನು ದೂರ ಕಟ್ಟಿ, ಸಂಜೆ ಸೊಳ್ಳೆ ಏಳುವ ಮೊದಲೇ ಪರದೆ ಇಳಿಸಿ. ಶಿವಮೊಗ್ಗದ ವಿನೋಬನಗರದಲ್ಲೇ ಈಗ ಪಶುವೈದ್ಯಕೀಯ ಕಾಲೇಜು ಇದೆ; ಅಂದೇ ಕರೆದುಕೊಂಡು ಹೋಗಿ.