ಉದ್ಯೋಗ ಸ್ವರೂಪದಲ್ಲಿನ ಬದಲಾವಣೆ ಹಾಗೂ ವೇತನ ಚೀಟಿ ಇಲ್ಲದ ಕಾರ್ಮಿಕರ ನೋಂದಣಿ

1. ಪೀಠಿಕೆ

ದೇಶದಲ್ಲಿನ ಉದ್ಯೋಗ ಹಾಗೂ ನಿರುದ್ಯೋಗದ ಪ್ರಮಾಣವನ್ನು ತಿಳಿಯಲು ಕೇಂದ್ರ ಸರ್ಕಾರದ ಸಾಂಖ್ಯಿಕ ಮತ್ತು ಕಾರ್ಯಕ್ರಮ ಅನುಷ್ಠಾನ ಸಚಿವಾಲಯವು 2017ರಿಂದ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯನ್ನು ನಡೆಸುತ್ತಿದೆ. ಸದರಿ ಸಮೀಕ್ಷೆಯಂತೆ 15 ವರ್ಷ ಮೇಲ್ಪಟ್ಟವರಲ್ಲಿ ನಿರುದ್ಯೋಗ ದರವು 2017-18ರಲ್ಲಿ ಶೇ. 6.0 ಇದ್ದುದು 2023-24ರಲ್ಲಿ ಶೇ. 3.2ಕ್ಕೆ ಇಳಿದಿರುತ್ತದೆ. ಇದೇ ಅವಧಿಯಲ್ಲಿ ದುಡಿಮೆಯಲ್ಲಿ ತೊಡಗಿದ ಅಥವಾ ಕೆಲಸ ಅರಸುತ್ತಿರುವ ಮಹಿಳೆಯರ ಪ್ರಮಾಣವು ಶೇ. 23.3ರಿಂದ ಶೇ. 41.7ಕ್ಕೆ ಏರಿರುತ್ತದೆ.

2. ಉದ್ಯೋಗದ ಸ್ವರೂಪ

ಉದ್ಯೋಗ ದೊರೆತಿದೆ ಎಂಬುದಕ್ಕೆ ಸಂಬಳ ದೊರೆತಿದೆ ಎಂದೇ ಅರ್ಥವಲ್ಲ. ದುಡಿಯುವವರ ಪೈಕಿ:

- ಸ್ವಯಂ ಉದ್ಯೋಗಿಗಳು: 2017-18ರಲ್ಲಿ ಶೇ. 52.2, 2023-24ರಲ್ಲಿ ಶೇ. 58.4
- ನಿಯತ ಸಂಬಳದವರು: 2017-18ರಲ್ಲಿ ಶೇ. 22.8; 2023-24ರಲ್ಲಿ ಶೇ. 21.7
- ದಿನಗೂಲಿಯವರು: 2017-18ರಲ್ಲಿ ಶೇ. 24.9, 2023-24ರಲ್ಲಿ ಶೇ. 19.8

ಕುಟುಂಬದ ಜಮೀನಿನಲ್ಲಿ ಅಥವಾ ಅಂಗಡಿಯಲ್ಲಿ ಕೂಲಿಯಿಲ್ಲದೆ ನೆರವಾಗುವವರನ್ನೂ ಸ್ವಯಂ ಉದ್ಯೋಗಿಗಳೆಂದೇ ಪರಿಗಣಿಸಲಾಗುತ್ತದೆ. 2023-24ರಲ್ಲಿ ದುಡಿಯುವ ಮಹಿಳೆಯರ ಪೈಕಿ ಶೇ. 36.7ರಷ್ಟು ಮಂದಿ ಈ ವರ್ಗಕ್ಕೆ ಸೇರಿದ್ದರು. ಇಂತಹವರಿಗೆ ನೇಮಕಾತಿ ಪತ್ರವಾಗಲಿ, ಭವಿಷ್ಯನಿಧಿಯಾಗಲಿ, ಕಾರ್ಮಿಕ ರಾಜ್ಯ ವಿಮೆಯಾಗಲಿ ಇರುವುದಿಲ್ಲ. ಕಾಯಿಲೆ ಅಥವಾ ಅಪಘಾತ ಸಂಭವಿಸಿದಲ್ಲಿ ತಾವು ಕಾರ್ಮಿಕರೆಂದು ತೋರಿಸಲು ನೋಂದಣಿಯೇ ಪ್ರಮುಖ ದಾಖಲೆಯಾಗುತ್ತದೆ.

3. ಗಿಗ್ ಕಾರ್ಮಿಕರು

ಮೊಬೈಲ್ ಆ್ಯಪ್ ಮೂಲಕ ಆಹಾರ ಹಾಗೂ ಸರಕು ತಲುಪಿಸುವವರು, ಟ್ಯಾಕ್ಸಿ ಮತ್ತು ಆಟೋ ಚಾಲಕರು ಮುಂತಾದವರನ್ನು ಗಿಗ್ ಕಾರ್ಮಿಕರೆಂದು ಕರೆಯಲಾಗುತ್ತದೆ. 2020-21ರಲ್ಲಿ ದೇಶದಲ್ಲಿ 77 ಲಕ್ಷ ಗಿಗ್ ಕಾರ್ಮಿಕರಿದ್ದು, 2029-30ರ ವೇಳೆಗೆ ಈ ಸಂಖ್ಯೆ 2.35 ಕೋಟಿ ತಲುಪಲಿದೆ ಎಂದು ನೀತಿ ಆಯೋಗವು 2022ರ ವರದಿಯಲ್ಲಿ ಅಂದಾಜಿಸಿದೆ.

ಇವರ ಹಿತರಕ್ಷಣೆಗಾಗಿ ಕರ್ನಾಟಕದಲ್ಲಿ 2025ರಲ್ಲಿ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ (ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ) ಅಧಿನಿಯಮವನ್ನು ಜಾರಿಗೆ ತರಲಾಗಿದೆ. ಇದರ ಮುಖ್ಯಾಂಶಗಳು:

- ಕಂಪನಿಯು ತನ್ನ ಕಾರ್ಮಿಕರ ವಿವರಗಳನ್ನು ಕಲ್ಯಾಣ ಮಂಡಳಿಗೆ ಒದಗಿಸತಕ್ಕದ್ದು. ಪ್ರತಿ ಕಾರ್ಮಿಕರಿಗೂ ಒಂದು ವಿಶಿಷ್ಟ ಗುರುತಿನ ಸಂಖ್ಯೆಯನ್ನು ನೀಡಲಾಗುವುದು.
- ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಪಾವತಿಸುವ ಮೊತ್ತದ ಶೇ. 1ರಿಂದ ಶೇ. 5ರವರೆಗಿನ ಕಲ್ಯಾಣ ಶುಲ್ಕವನ್ನು ಕಂಪನಿಯೇ ಭರಿಸತಕ್ಕದ್ದು.
- ಲಿಖಿತ ಕಾರಣ ಹಾಗೂ 14 ದಿನಗಳ ಮುನ್ಸೂಚನೆ ನೀಡದೆ ಸಾಮಾನ್ಯವಾಗಿ ಕಾರ್ಮಿಕರನ್ನು ಕೆಲಸದಿಂದ ತೆಗೆಯುವಂತಿಲ್ಲ.

4. ಇ-ಶ್ರಮ್ ನೋಂದಣಿ

ಅಸಂಘಟಿತ ಕಾರ್ಮಿಕರ ರಾಷ್ಟ್ರೀಯ ದತ್ತಾಂಶಕ್ಕಾಗಿ ಕೇಂದ್ರ ಸರ್ಕಾರವು 26 ಆಗಸ್ಟ್ 2021ರಂದು ಇ-ಶ್ರಮ್ ಜಾಲತಾಣವನ್ನು ಆರಂಭಿಸಿತು. 16 ವರ್ಷ ತುಂಬಿದ, ಭವಿಷ್ಯನಿಧಿ ಮತ್ತು ಕಾರ್ಮಿಕ ರಾಜ್ಯ ವಿಮೆಯ ಸದಸ್ಯರಲ್ಲದ ಕೃಷಿ ಕೂಲಿಕಾರರು, ಬೀದಿ ಬದಿ ವ್ಯಾಪಾರಿಗಳು, ಮನೆಗೆಲಸದವರು, ಕಟ್ಟಡ ಕಾರ್ಮಿಕರು ಮುಂತಾದವರು ಇದರಲ್ಲಿ ನೋಂದಾಯಿಸಿಕೊಳ್ಳಬಹುದು.

ಅಗತ್ಯ ವಿವರಗಳು: ಆಧಾರ್ ಸಂಖ್ಯೆ, ಆಧಾರ್‌ಗೆ ಜೋಡಣೆಯಾದ ಮೊಬೈಲ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ.

ಅರ್ಜಿದಾರರು ಸ್ವತಃ ಅಥವಾ ಸಮೀಪದ ಸಾಮಾನ್ಯ ಸೇವಾ ಕೇಂದ್ರದ ಮೂಲಕ ನೋಂದಾಯಿಸಿಕೊಳ್ಳಬಹುದು. ನೋಂದಣಿಯ ನಂತರ 12 ಅಂಕಿಗಳ ಸಂಖ್ಯೆಯುಳ್ಳ ಕಾರ್ಡ್ ದೊರೆಯುತ್ತದೆ.

5. ಗಮನಿಸಬೇಕಾದ ಅಂಶ

ವೃತ್ತಿ, ವಿಳಾಸ ಅಥವಾ ಮೊಬೈಲ್ ಸಂಖ್ಯೆ ಬದಲಾದಲ್ಲಿ ಕೂಡಲೇ ದಾಖಲೆಯಲ್ಲಿ ತಿದ್ದುಪಡಿ ಮಾಡಿಸಿಕೊಳ್ಳುವುದು. ಕುಟುಂಬದ ದುಡಿಮೆಯಲ್ಲಿ ತೊಡಗಿರುವ ಮಹಿಳೆಯರೂ ತಾವು ನೋಂದಣಿಗೆ ಅರ್ಹರೇ ಎಂಬುದನ್ನು ಸೇವಾ ಕೇಂದ್ರದಲ್ಲಿ ವಿಚಾರಿಸಿ ತಿಳಿದುಕೊಳ್ಳಲು ಕೋರಲಾಗಿದೆ.