ಕುರಾನಿನಲ್ಲಿ ಮೈತ್ರಿವಿಚಾರ: ‘ವಲಿ’ ಶಬ್ದದ ಸುತ್ತ ಒಂದು ಜಿಜ್ಞಾಸೆ

ಧರ್ಮಗ್ರಂಥದ ಮಾತು ಒಂದು ಭಾಷೆಯಿಂದ ಮತ್ತೊಂದು ಭಾಷೆಗೆ ಇಳಿದು ಬರುವಾಗ ಶಬ್ದವೊಂದರ ಅರ್ಥದಲ್ಲಾಗುವ ಅಲ್ಪ ವ್ಯತ್ಯಾಸವೂ ನೆರೆಹೊರೆಯ ಬಾಳುವೆಯ ಮೇಲೆ ದೊಡ್ಡ ಪರಿಣಾಮವನ್ನು ಬೀರುವುದುಂಟು. ಮುಸಲ್ಮಾನರು ಅನ್ಯಮತೀಯರೊಡನೆ ಸ್ನೇಹದಿಂದಿರಬಹುದೆ, ಇರಬಾರದೆ ಎಂಬ ವಿಷಯದಲ್ಲಿ ಕುರಾನಿನ ಅಭಿಪ್ರಾಯವೇನೆಂಬ ಚರ್ಚೆ ಶತಮಾನಗಳಿಂದ ನಡೆದುಬಂದಿದೆ. ಆ ಚರ್ಚೆಯೆಲ್ಲ ಕಟ್ಟಕಡೆಗೆ ಬಂದು ನಿಲ್ಲುವುದು ಅರಬ್ಬೀ ಭಾಷೆಯ ‘ವಲಿ’ ಎಂಬ ಒಂದು ಶಬ್ದದ ಬಳಿ. ಇದರ ಬಹುವಚನ ‘ಔಲಿಯಾ’.

ಈ ಶಬ್ದ ಕನ್ನಡಿಗರ ಕಿವಿಗೆ ಹೊಸದಲ್ಲ. ಸೂಫಿ ಸಂತರನ್ನು ನಮ್ಮ ನಾಡಿನ ಜನ ‘ವಲಿ’ಗಳೆಂದು ಕರೆಯುತ್ತಾರೆ. ದೆಹಲಿಯ ನಿಜಾಮುದ್ದೀನರ (1238–1325) ಹೆಸರಿಗೆ ಸೇರಿಕೊಂಡ ‘ಔಲಿಯಾ’ ಇದೇ ಶಬ್ದ. ವಕ್ಫಿನ ಆಸ್ತಿಯನ್ನು ನೋಡಿಕೊಳ್ಳುವ ‘ಮುತವಲ್ಲಿ’, ವಿದ್ವಾಂಸರಿಗೆ ಸಲ್ಲುವ ‘ಮೌಲಾನಾ’, ‘ಮೌಲ್ವಿ’ ಎಂಬ ಬಿರುದುಗಳು, ಇಂಗ್ಲೆಂಡನ್ನು ಕುರಿತು ಹಿಂದಿನ ತಲೆಮಾರಿನವರು ಆಡುತ್ತಿದ್ದ ‘ವಿಲಾಯಿತಿ’ ಎಂಬ ಮಾತು, ಇವೆಲ್ಲವೂ ಒಂದೇ ಧಾತುವಿನಿಂದ ಹುಟ್ಟಿದವು. ಆ ಧಾತುವಿನ ಮೂಲಾರ್ಥ ಸಾಮೀಪ್ಯ. ನಡುವೆ ಬೇರೇನೂ ಇಲ್ಲದಂತೆ ಪಕ್ಕದಲ್ಲಿರುವುದು. ಪಕ್ಕದಲ್ಲಿರುವವನು ಕಾಯುವವನಾಗುತ್ತಾನೆ, ಹೊಣೆ ಹೊರುವವನಾಗುತ್ತಾನೆ, ಕಡೆಗೆ ಆಳುವವನೂ ಆಗುತ್ತಾನೆ. ಸಂತನು ದೇವರಿಗೆ ಸಮೀಪನಾದ್ದರಿಂದ ವಲಿ. ಮದುವೆಯಲ್ಲಿ ಹೆಣ್ಣಿನ ಪರವಾಗಿ ನಿಲ್ಲುವ ತಂದೆ ರಕ್ಷಕನಾದ್ದರಿಂದ ವಲಿ. ಯುದ್ಧದಲ್ಲಿ ಜೊತೆಗೂಡುವ ಬುಡಕಟ್ಟು ಬೆಂಬಲಿಗನಾದ್ದರಿಂದ ವಲಿ. ಕೇವಲ ಗೆಳೆಯನೆಂಬ ಅರ್ಥಕ್ಕೆ ಅರಬ್ಬಿಯಲ್ಲಿ ‘ಸದೀಕ್’, ‘ಖಲೀಲ್’ ಮೊದಲಾದ ಬೇರೆ ಶಬ್ದಗಳಿವೆ. ಅವು ಕುರಾನಿನಲ್ಲಿಯೂ ಬರುತ್ತವೆ.

ಇನ್ನು ಚರ್ಚೆಗೆ ಎಡೆಯಾದ ವಾಕ್ಯವನ್ನು ನೋಡಬಹುದು. ಕುರಾನಿನ ಐದನೆಯ ಅಧ್ಯಾಯದ 51ನೆಯ ವಾಕ್ಯವು ಯಹೂದ್ಯರನ್ನೂ ಕ್ರೈಸ್ತರನ್ನೂ ಔಲಿಯಾಗಳನ್ನಾಗಿ ಮಾಡಿಕೊಳ್ಳಬಾರದೆಂದು ವಿಶ್ವಾಸಿಗಳಿಗೆ ವಿಧಿಸುತ್ತದೆ. ಹಾಗೆ ಮಾಡಿಕೊಂಡವನು ಅವರಲ್ಲೊಬ್ಬನಾಗುವನೆಂಬ ಎಚ್ಚರಿಕೆಯೂ ಅಲ್ಲಿದೆ. ಮೂರನೆಯ ಮತ್ತು ನಾಲ್ಕನೆಯ ಅಧ್ಯಾಯಗಳಲ್ಲಿ ಇದೇ ಬಗೆಯ ನಿಷೇಧಗಳು ಕಂಡುಬರುತ್ತವೆ. 1734ರಲ್ಲಿ ಜಾರ್ಜ್ ಸೇಲರೂ 1930ರಲ್ಲಿ ಪಿಕ್ಥಾಲರೂ ತಮ್ಮ ಇಂಗ್ಲಿಷ್ ಅನುವಾದಗಳಲ್ಲಿ ಈ ಶಬ್ದಕ್ಕೆ ‘ಮಿತ್ರರು’ ಎಂಬರ್ಥವನ್ನೇ ಕೊಟ್ಟರು. ಯೂಸುಫ್ ಅಲಿ ಅವರು ‘ಮಿತ್ರರು’ ಎಂಬುದರ ಜೊತೆಗೆ ‘ರಕ್ಷಕರು’ ಎಂಬುದನ್ನೂ ಸೇರಿಸಿದರು. 1980ರಲ್ಲಿ ಪ್ರಕಟವಾದ ಮುಹಮ್ಮದ್ ಅಸದರ ಅನುವಾದವು ರಾಜ್ಯ ರಾಜ್ಯಗಳ ನಡುವಣ ಒಕ್ಕೂಟವನ್ನು ಸೂಚಿಸುವ ಶಬ್ದವನ್ನು ಆರಿಸಿಕೊಂಡಿತು. ಸಂಸ್ಕೃತದ ‘ಮಿತ್ರ’ ಶಬ್ದವನ್ನು ಬಲ್ಲವರಿಗೆ ಈ ತೊಡಕು ಸುಲಭವಾಗಿ ತಿಳಿಯುತ್ತದೆ. ಕೌಟಿಲ್ಯನು ಎಣಿಸುವ ರಾಜ್ಯದ ಸಪ್ತಾಂಗಗಳಲ್ಲಿ ಕೊನೆಯದಾದ ‘ಮಿತ್ರ’ನು ಜಗಲಿಯ ಮೇಲೆ ಕುಳಿತು ಸುಖದುಃಖ ಮಾತನಾಡುವ ನೆರೆಯವನಲ್ಲ, ಯುದ್ಧ ಬಂದಾಗ ಸೈನ್ಯ ಕಳುಹಿಸುವ ಅರಸು. ಒಂದನ್ನು ಇನ್ನೊಂದೆಂದು ತಿಳಿದರೆ ಶಾಸ್ತ್ರದ ತಾತ್ಪರ್ಯವೇ ಕೆಟ್ಟುಹೋಗುತ್ತದೆ.

ವಾಕ್ಯದ ಹಿನ್ನೆಲೆಯೂ ಈ ಮಾತನ್ನೇ ಪುಷ್ಟೀಕರಿಸುತ್ತದೆ. 622ರಲ್ಲಿ ಮಕ್ಕಾ ನಗರವನ್ನು ತೊರೆದು ಮದೀನಾಕ್ಕೆ ಬಂದ ಪ್ರವಾದಿ ಮುಹಮ್ಮದರು ಅಲ್ಲಿಯ ಅರಬ್ ಕುಲಗಳನ್ನೂ ಯಹೂದ್ಯ ಕುಲಗಳನ್ನೂ ಒಂದು ಒಡಂಬಡಿಕೆಯೊಳಗೆ ತಂದರು. 624ರಲ್ಲಿ ಬದ್ರ್ ಯುದ್ಧವಾದ ಮೇಲೆ ಬನೂ ಕೈನುಕಾ ಎಂಬ ಯಹೂದ್ಯ ಕುಲದೊಡನೆ ವೈರ ಬೆಳೆಯಿತು. ಆ ಕುಲದೊಡನೆ ಹಳೆಯ ಒಪ್ಪಂದವಿದ್ದ ಇಬ್ಬರು ಮುಖಂಡರಲ್ಲಿ ಉಬಾದಾ ಇಬ್ನ್ ಸಾಮಿತ್ ಎಂಬವರು ಅದನ್ನು ಕಡಿದುಕೊಂಡರು. ಅಬ್ದುಲ್ಲಾ ಇಬ್ನ್ ಉಬಯ್ಯ್ ಎಂಬವನು ಕಾಲ ತಿರುಗಿದರೆ ತನಗೆ ಆಸರೆ ಬೇಕೆಂದು ಅದನ್ನು ಬಿಡಲಿಲ್ಲ. ವಾಕ್ಯವು ಈ ಪ್ರಸಂಗದಲ್ಲಿ ಅವತರಿಸಿತೆಂಬುದು ಸಂಪ್ರದಾಯದಲ್ಲಿ ಬರುವ ಹೇಳಿಕೆಗಳಲ್ಲಿ ಒಂದು. ಮುಂದಿನ 52ನೆಯ ವಾಕ್ಯವು ಕಾಲ ತಿರುಗೀತೆಂಬ ಭಯದಿಂದ ಅವರ ಕಡೆಗೆ ಓಡುವವರನ್ನು ಕುರಿತೇ ಮಾತನಾಡುತ್ತದೆ. ಅಂದಮೇಲೆ ಅಲ್ಲಿಯ ಪ್ರಶ್ನೆ ನಿಷ್ಠೆ ಯಾರಿಗೆ, ಆಶ್ರಯ ಯಾರಲ್ಲಿ ಎಂಬುದೇ ಹೊರತು ಯಾರೊಡನೆ ಉಣ್ಣಬೇಕು, ಯಾರೊಡನೆ ನಗಬೇಕು ಎಂಬುದಲ್ಲ.

ಉಣ್ಣುವ ವಿಷಯವನ್ನು ಅದೇ ಅಧ್ಯಾಯದ 5ನೆಯ ವಾಕ್ಯ ನೇರವಾಗಿ ಹೇಳುತ್ತದೆ. ಗ್ರಂಥವನ್ನು ಪಡೆದವರ, ಎಂದರೆ ಯಹೂದ್ಯರ ಮತ್ತು ಕ್ರೈಸ್ತರ, ಆಹಾರವು ಮುಸಲ್ಮಾನರಿಗೆ ಸಲ್ಲುತ್ತದೆ. ಅವರ ಹೆಣ್ಣುಮಕ್ಕಳನ್ನು ಮುಸಲ್ಮಾನ ಪುರುಷನು ವಿವಾಹವಾಗಬಹುದು. ದಾಂಪತ್ಯವನ್ನು ಕುರಾನ್ ಬೇರೊಂದೆಡೆಯಲ್ಲಿ ಪ್ರೀತಿ ಮತ್ತು ಕರುಣೆಗಳ ಬಂಧವೆಂದು ವರ್ಣಿಸುತ್ತದೆ. ಮಡದಿಯಾಗಿ ಮನೆಗೆ ಬಂದ ಕ್ರೈಸ್ತ ಹೆಣ್ಣನ್ನು ಪ್ರೀತಿಸಬೇಕು, ಆದರೆ ಕ್ರೈಸ್ತರೊಡನೆ ಸ್ನೇಹ ಸಲ್ಲದು ಎಂದು ಒಂದೇ ಅಧ್ಯಾಯವು ಹೇಳುವುದೆಂದರೆ ಪರಸ್ಪರ ವಿರೋಧವಾಗುವುದಿಲ್ಲವೆ? ಈ ವಿರೋಧವು ‘ವಲಿ’ ಎಂದರೆ ಗೆಳೆಯ ಎಂದುಕೊಂಡಾಗ ಮಾತ್ರ ಹುಟ್ಟುವಂಥದು.

ಅರವತ್ತನೆಯ ಅಧ್ಯಾಯವಾದ ‘ಮುಮ್ತಹನಾ’ ಈ ವಿಚಾರದಲ್ಲಿ ನಿರ್ಣಾಯಕವಾದುದು. ಅದು ಆರಂಭವಾಗುವುದೇ ವೈರಿಗಳನ್ನು ಔಲಿಯಾಗಳನ್ನಾಗಿಸಿಕೊಂಡು ಅವರ ಮೇಲೆ ಪ್ರೀತಿ ತೋರಬಾರದೆಂಬ ನಿಷೇಧದಿಂದ. 630ರಲ್ಲಿ ಮಕ್ಕಾದ ಮೇಲೆ ದಂಡೆತ್ತಿ ಹೋಗುವ ಸಿದ್ಧತೆ ನಡೆದಾಗ ಹಾತಿಬ್ ಎಂಬ ಅನುಯಾಯಿಯೊಬ್ಬನು ಆ ಸುದ್ದಿಯನ್ನು ಗುಟ್ಟಾಗಿ ಪತ್ರದ ಮೂಲಕ ಶತ್ರುಗಳಿಗೆ ತಿಳಿಸಲು ಯತ್ನಿಸಿದ ಪ್ರಸಂಗವನ್ನು ವ್ಯಾಖ್ಯಾನಕಾರರು ಇದರ ಹಿನ್ನೆಲೆಯಾಗಿ ಹೇಳುತ್ತಾರೆ. ಆದರೆ ಅದೇ ಅಧ್ಯಾಯದ 8 ಮತ್ತು 9ನೆಯ ವಾಕ್ಯಗಳು ಅನ್ಯಮತೀಯರಲ್ಲಿ ಎರಡು ವರ್ಗಗಳನ್ನು ಸ್ಪಷ್ಟವಾಗಿ ಬೇರ್ಪಡಿಸುತ್ತವೆ. ಧರ್ಮದ ಕಾರಣಕ್ಕಾಗಿ ಹೋರಾಡದವರು, ಮನೆಗಳಿಂದ ಹೊರದೂಡದವರು ಒಂದು ವರ್ಗ. ಅವರಿಗೆ ಒಳಿತು ಮಾಡುವುದನ್ನೂ ಅವರೊಡನೆ ನ್ಯಾಯದಿಂದ ನಡೆಯುವುದನ್ನೂ ದೇವರು ತಡೆಯುವುದಿಲ್ಲ. ಹೋರಾಡಿದವರು, ಹೊರದೂಡಿದವರು, ಅದಕ್ಕೆ ನೆರವಾದವರು ಇನ್ನೊಂದು ವರ್ಗ. ಔಲಿಯಾಗಳನ್ನಾಗಿಸಿಕೊಳ್ಳಬಾರದೆಂಬ ನಿಷೇಧ ಇವರನ್ನು ಕುರಿತದ್ದು.

ಈ ಎಂಟನೆಯ ವಾಕ್ಯದೊಡನೆ ಸಂಪ್ರದಾಯವು ಒಂದು ಮನೆಯ ಕಥೆಯನ್ನು ಜೋಡಿಸುತ್ತದೆ. ಪ್ರವಾದಿಗಳ ಆಪ್ತರಾದ ಅಬೂಬಕರರ ಮಗಳು ಅಸ್ಮಾ. ಆಕೆಯ ತಾಯಿ ಹಳೆಯ ಮತದಲ್ಲಿಯೇ ಉಳಿದು ಮಕ್ಕಾದಲ್ಲಿದ್ದವಳು. ಹುದೈಬಿಯಾದ ಸಂಧಿಯಿಂದ ದಾರಿ ತೆರೆದಿದ್ದ ಕಾಲದಲ್ಲಿ ಆಕೆ ಮಗಳನ್ನು ನೋಡಲು ಕಾಣಿಕೆಗಳೊಡನೆ ಮದೀನಾಕ್ಕೆ ಬಂದಳು. ಅಸ್ಮಾ ಕಾಣಿಕೆಯನ್ನು ಮುಟ್ಟಲಿಲ್ಲ, ತಾಯಿಯನ್ನು ಒಳಗೂ ಕರೆಯಲಿಲ್ಲ. ಇದು ಸರಿಯೆ ಎಂದು ಪ್ರವಾದಿಗಳಲ್ಲಿ ವಿಚಾರಿಸಿದಳು. ತಾಯಿಯ ಬಾಂಧವ್ಯವನ್ನು ಉಳಿಸಿಕೊಳ್ಳಬೇಕೆಂಬ ಉತ್ತರ ಬಂದಿತು. ಬುಖಾರಿಯವರ ಹದೀಸ್ ಸಂಗ್ರಹದಲ್ಲಿ ಈ ತಾಯಿಮಗಳ ವೃತ್ತಾಂತ ದಾಖಲಾಗಿದೆ.

ಹೀಗಿದ್ದರೂ ವ್ಯಾಖ್ಯಾನಕಾರರೆಲ್ಲರೂ ಒಂದೇ ಅಭಿಪ್ರಾಯಕ್ಕೆ ಬಂದರೆಂದು ಹೇಳಿದರೆ ಅದು ಸತ್ಯಕ್ಕೆ ದೂರವಾದೀತು. ಎಂಟನೆಯ ಶತಮಾನದಲ್ಲಿ ಬಸ್ರಾದ ಕತಾದಾ ಎಂಬ ವಿದ್ವಾಂಸರು ಮೇಲಿನ ಉದಾರವಾಕ್ಯವು ಅನಂತರ ಬಂದ ಯುದ್ಧಸಂಬಂಧವಾದ ವಾಕ್ಯದಿಂದ ರದ್ದಾಯಿತೆಂದರು. ಕುರಾನ್ ಭಾಷ್ಯಕಾರರಲ್ಲಿ ಅಗ್ರಗಣ್ಯರಾದ ತಬರಿಯವರು (839–923) ಇದನ್ನು ಒಪ್ಪಲಿಲ್ಲ. ಆ ವಾಕ್ಯ ರದ್ದಾಗಿಲ್ಲ, ಯಾವ ಮತದವರೇ ಆಗಲಿ ಹಗೆ ಸಾಧಿಸದವರಿಗೆಲ್ಲ ಅದು ಅನ್ವಯಿಸುತ್ತದೆ ಎಂಬುದು ಅವರ ನಿರ್ಣಯ. 51ನೆಯ ವಾಕ್ಯದ ನಿಷೇಧವು ಒಂದು ಪ್ರಸಂಗಕ್ಕೆ ಮಾತ್ರ ಸೀಮಿತವಲ್ಲವೆಂದು ಅವರು ತಿಳಿದರೂ, ಔಲಿಯಾ ಎಂಬುದನ್ನು ವಿಶ್ವಾಸಿಗಳಿಗೆ ಎದುರಾಗಿ ಕಟ್ಟಿಕೊಳ್ಳುವ ನೆರವಿನವರು ಮತ್ತು ಒಪ್ಪಂದದ ಜೊತೆಗಾರರು ಎಂದೇ ಬಿಡಿಸಿದರು. ಹನ್ನೆರಡನೆಯ ಶತಮಾನದ ಫಖ್ರುದ್ದೀನ್ ರಾಜಿಯವರು ಈ ಬಗೆಯ ಸಾಮೀಪ್ಯವನ್ನು ಮೂರಾಗಿ ವಿಂಗಡಿಸಿದರು. ಅನ್ಯರ ಧರ್ಮವನ್ನೇ ಮೆಚ್ಚಿ ಅವರ ಪಕ್ಷ ಹಿಡಿಯುವುದು ಒಂದು, ಇದು ವಿಶ್ವಾಸಭ್ರಷ್ಟತೆ. ಲೋಕವ್ಯವಹಾರದಲ್ಲಿ ಸೌಜನ್ಯದಿಂದ ಕೂಡಿ ಬಾಳುವುದು ಎರಡನೆಯದು, ಇದಕ್ಕೆ ನಿಷೇಧವಿಲ್ಲ. ನೆಂಟತನದಿಂದಲೋ ಮಮತೆಯಿಂದಲೋ ಅವರತ್ತ ವಾಲಿ ಬೆಂಬಲವಾಗಿ ನಿಲ್ಲುವುದು ಮೂರನೆಯದು; ಇದು ವಿಶ್ವಾಸಕ್ಕೆ ಭಂಗವಲ್ಲವಾದರೂ ನಿಷಿದ್ಧವೆಂದು ಅವರು ತಿಳಿದರು.

ಮಂಗೋಲರ ದಾಳಿಯಿಂದ ತತ್ತರಿಸಿದ ದಮಾಸ್ಕಸ್ಸಿನಲ್ಲಿ ಬಾಳಿದ ಇಬ್ನ್ ತೈಮಿಯ್ಯಾ (1263–1328) ಅವರ ನಿಲುವು ಇನ್ನೂ ಕಠಿಣವಾದುದು. ಅನ್ಯರ ಹಬ್ಬಗಳಲ್ಲಿ ಪಾಲುಗೊಳ್ಳುವುದನ್ನೂ ಅವರನ್ನು ಅನುಕರಿಸುವುದನ್ನೂ ಅವರು ಖಂಡಿಸಿ ದೊಡ್ಡ ಗ್ರಂಥವನ್ನೇ ಬರೆದರು. ಆದರೆ ಅದೇ ವಿದ್ವಾಂಸರು ಮಂಗೋಲರ ವಶವಾಗಿದ್ದ ಸೆರೆಯಾಳುಗಳ ಬಿಡುಗಡೆಗಾಗಿ ಮಾತನಾಡುವಾಗ ಮುಸಲ್ಮಾನರನ್ನು ಮಾತ್ರ ಬಿಡಿಸಿಕೊಳ್ಳಲು ಒಪ್ಪದೆ, ತಮ್ಮ ರಕ್ಷಣೆಯಲ್ಲಿದ್ದ ಯಹೂದ್ಯರನ್ನೂ ಕ್ರೈಸ್ತರನ್ನೂ ಬಿಡಬೇಕೆಂದು ಹಟ ಹಿಡಿದುದನ್ನು ತಾವೇ ಬರೆದಿದ್ದಾರೆ. ಕಠಿಣ ವ್ಯಾಖ್ಯಾನದೊಳಗೂ ನ್ಯಾಯದ ಹೊಣೆ ಬಿಟ್ಟುಹೋಗಿರಲಿಲ್ಲ.

ಈ ಹಳೆಯ ಚರ್ಚೆ ಭರತಖಂಡದ ರಾಜಕೀಯದಲ್ಲಿ 1920ರಲ್ಲಿ ಮತ್ತೆ ತಲೆಯೆತ್ತಿತು. ಖಿಲಾಫತ್ ಚಳವಳಿ ಬಿರುಸಾಗಿದ್ದ ವರ್ಷವದು. ಗಾಂಧೀಜಿಯವರ ಅಸಹಕಾರಕ್ಕೆ ಉರ್ದುವಿನಲ್ಲಿ ದೊರೆತ ಹೆಸರು ‘ತರ್ಕೆ ಮವಾಲಾತ್’. ಮವಾಲಾತ್ ಎಂಬುದು ವಲಿ ಶಬ್ದದ ಸೋದರ. ಆ ಹೆಸರಿನ ಅರ್ಥ ಮೈತ್ರಿಯನ್ನು ತ್ಯಜಿಸುವುದು ಎಂದು. ಕುರಾನಿನ ನಿಷೇಧವೇ ಹೀಗೆ ಆಂಗ್ಲ ಪ್ರಭುತ್ವದ ಮೇಲೆ ತಿರುಗಿತು. ದೇವಬಂದಿನ ಮೌಲಾನಾ ಮಹಮೂದ್ ಹಸನರು ಮಾಲ್ಟಾದ ಸೆರೆಯಿಂದ ಹಿಂದಿರುಗಿ ಆ ವರ್ಷ ಅಸಹಕಾರದ ಪರವಾಗಿ ಫತ್ವಾ ಕೊಟ್ಟರು. ಮೌಲಾನಾ ಅಬುಲ್ ಕಲಾಂ ಆಜಾದರು ಆ ದಿನಗಳ ತಮ್ಮ ಭಾಷಣಗಳಲ್ಲಿ ಮುಮ್ತಹನಾ ಅಧ್ಯಾಯದ ಎರಡು ವರ್ಗಗಳನ್ನು ಮುಂದಿಟ್ಟರು: ಮುಸಲ್ಮಾನರ ಮೇಲೆ ಯುದ್ಧ ಹೂಡಿದ ಬ್ರಿಟಿಷರು ಒಂಬತ್ತನೆಯ ವಾಕ್ಯಕ್ಕೆ ಸೇರಿದವರು, ಹಿಂದೂಗಳು ಎಂಟನೆಯ ವಾಕ್ಯಕ್ಕೆ ಸೇರಿದವರು. ಮದೀನಾದ ಒಡಂಬಡಿಕೆಯನ್ನೂ ಅವರು ಹಿಂದೂ-ಮುಸ್ಲಿಂ ಏಕತೆಗೆ ನಿದರ್ಶನವಾಗಿ ತೋರಿಸಿದರು.

ಬರೇಲಿಯ ಅಹ್ಮದ್ ರಜಾ ಖಾನರು (1856–1921) ಇದನ್ನು ತೀವ್ರವಾಗಿ ವಿರೋಧಿಸಿದರು. ಅದೇ 1920ರಲ್ಲಿ ಮುಮ್ತಹನಾ ವಾಕ್ಯವನ್ನು ಕುರಿತೇ ಒಂದು ಗ್ರಂಥ ಬರೆದು, ವ್ಯವಹಾರ ಬೇರೆ, ಮವಾಲಾತ್ ಬೇರೆ ಎಂದು ವಾದಿಸಿದರು. ಅವರ ಪ್ರಕಾರ ಲೋಕವ್ಯವಹಾರವು ಆಂಗ್ಲರೊಡನೆಯೂ ಸಲ್ಲುತ್ತದೆ. ಮವಾಲಾತ್ ಹಿಂದೂಗಳೊಡನೆಯೂ ಸಲ್ಲದು. ಆಂಗ್ಲರೊಡನೆ ವ್ಯವಹಾರವನ್ನೂ ಬಿಟ್ಟು ಹಿಂದೂಗಳನ್ನು ಅಪ್ಪಿಕೊಳ್ಳುವವರು ಶಾಸ್ತ್ರವನ್ನು ತಲೆಕೆಳಗು ಮಾಡುತ್ತಿರುವರೆಂಬುದು ಅವರ ಆಕ್ಷೇಪ. ಈ ವಾದಿ-ಪ್ರತಿವಾದಿಗಳಲ್ಲಿ ಯಾರೂ ಅಲ್ಪಜ್ಞರಲ್ಲ. ಇಬ್ಬರ ಮುಂದಿದ್ದುದೂ ಅವೇ ವಾಕ್ಯಗಳು. ಆದರೆ ಎದುರಿಗೆ ನಿಂತ ಮನುಷ್ಯನು ಎಂಟನೆಯ ವಾಕ್ಯದವನೋ ಒಂಬತ್ತನೆಯ ವಾಕ್ಯದವನೋ ಎಂಬ ನಿರ್ಣಯದಲ್ಲಿ ಅವರು ಬೇರಾದರು.

ಶಬ್ದಾರ್ಥದ ಜಿಜ್ಞಾಸೆ ಪಂಡಿತರ ಕೋಣೆಯಲ್ಲಿಯೇ ಉಳಿಯುವುದಿಲ್ಲವೆಂಬುದಕ್ಕೆ ಇಂಡೋನೇಷ್ಯಾದ ಪ್ರಕರಣವೊಂದು ಸಾಕು. ಆ ದೇಶದಲ್ಲಿ ಬಳಕೆಯಲ್ಲಿದ್ದ ಕುರಾನ್ ಅನುವಾದಗಳಲ್ಲಿ 51ನೆಯ ವಾಕ್ಯದ ಔಲಿಯಾ ಶಬ್ದಕ್ಕೆ ‘ನಾಯಕರು’ ಎಂಬರ್ಥ ರೂಢವಾಗಿತ್ತು. ಸರ್ಕಾರದ ಧರ್ಮ ಇಲಾಖೆಯ ಪರಿಷ್ಕೃತ ಅನುವಾದದಲ್ಲಿ ಅದು ‘ನಿಷ್ಠ ಸಂಗಾತಿಗಳು’ ಎಂದು ಬದಲಾಯಿತು. ನಾಯಕರು ಎಂದು ಓದಿದವರಿಗೆ ಮುಸಲ್ಮಾನೇತರನಿಗೆ ಮತ ಕೊಡುವುದೇ ನಿಷಿದ್ಧವೆಂದು ತೋರಿತು. ಜಕಾರ್ತದ ಗವರ್ನರರಾಗಿದ್ದ ಬಾಸುಕಿ ಚಹಾಯಾ ಪುರ್ನಮಾ ಅವರು ಚೀನೀ ಮೂಲದ ಕ್ರೈಸ್ತರು. ಈ ವಾಕ್ಯವನ್ನು ಮುಂದೊಡ್ಡಿ ಮತದಾರರನ್ನು ವಂಚಿಸಲಾಗುತ್ತಿದೆ ಎಂಬರ್ಥದ ಮಾತನ್ನು ಅವರು 2016ರ ಸೆಪ್ಟೆಂಬರಿನಲ್ಲಿ ಒಂದು ಸಭೆಯಲ್ಲಿ ಆಡಿದರು. ಅದು ಧರ್ಮನಿಂದೆಯೆಂಬ ಕೂಗೆದ್ದು, ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ಲಕ್ಷಾಂತರ ಜನ ರಾಜಧಾನಿಯ ಬೀದಿಗಳಲ್ಲಿ ನೆರೆದರು. 2017ರ ಏಪ್ರಿಲಿನಲ್ಲಿ ಅವರು ಚುನಾವಣೆಯಲ್ಲಿ ಸೋತರು. ಮೇ 9ರಂದು ನ್ಯಾಯಾಲಯವು ಅವರಿಗೆ ಎರಡು ವರ್ಷಗಳ ಸೆರೆವಾಸವನ್ನು ವಿಧಿಸಿತು. ಅದೇ ದೇಶದ ಪ್ರಸಿದ್ಧ ಕುರಾನ್ ಭಾಷ್ಯಕಾರರಾದ ಕುರೈಶ್ ಶಿಹಾಬರು ವಲಿ ಶಬ್ದದ ಸಾಮೀಪ್ಯಾರ್ಥವನ್ನು ವಿವರಿಸಿ, ನಿಷೇಧವು ಎಲ್ಲ ಅನ್ಯಮತೀಯರಿಗೂ ಎಲ್ಲ ಸಂಬಂಧಗಳಿಗೂ ಅನ್ವಯಿಸುವುದಿಲ್ಲವೆಂದು ತಮ್ಮ ಭಾಷ್ಯದಲ್ಲಿ ಮೊದಲೇ ತೋರಿಸಿದ್ದರು. ಆ ವಿವೇಚನೆ ಬೀದಿಯ ಕೂಗಿನಲ್ಲಿ ಕೇಳಿಸಲಿಲ್ಲ.

ಇವೆಲ್ಲದರಿಂದ ತಿಳಿದುಬರುವುದೇನು? ಕುರಾನಿನಲ್ಲಿ ಅನ್ಯರನ್ನು ಕುರಿತ ಕಠಿಣ ವಾಕ್ಯಗಳು ಇಲ್ಲವೆನ್ನುವುದು ಪ್ರಾಮಾಣಿಕತೆಯಲ್ಲ. ಅವು ಇವೆ, ಅವನ್ನು ಸಾರ್ವಕಾಲಿಕ ವಿಧಿಗಳೆಂದು ಓದಿದ ದೊಡ್ಡ ವಿದ್ವಾಂಸರೂ ಇದ್ದಾರೆ. ಆ ವಾಕ್ಯಗಳಷ್ಟನ್ನೇ ಕಿತ್ತು ತೆಗೆದು ಇದೇ ಇಡೀ ಗ್ರಂಥದ ಮತವೆನ್ನುವುದೂ, ಹೇಳುವವನು ಮುಸಲ್ಮಾನನಾಗಲಿ ಅಲ್ಲದವನಾಗಲಿ, ಅಷ್ಟೇ ಅಪ್ರಾಮಾಣಿಕ. ನಿಷೇಧ ಯಾರಿಗೆ, ಏತಕ್ಕೆ ಎಂಬುದನ್ನು ಅಳೆಯುವ ಮಾನದಂಡ ಆ ಗ್ರಂಥದೊಳಗೇ ಇದೆ: ಯುದ್ಧ ಹೂಡಿದನೆ, ಮನೆಯಿಂದ ಹೊರದೂಡಿದನೆ? ಹುಟ್ಟಿದ ಮತ ಯಾವುದೆಂಬ ಪ್ರಶ್ನೆ ಆ ಅಳತೆಗೋಲಿನಲ್ಲಿಲ್ಲ. ತಬರಿಯವರು ಅದನ್ನು ಎತ್ತಿ ಹಿಡಿದರು. ಆಜಾದರು ಅದನ್ನು ತಮ್ಮ ಕಾಲದ ದೇಶಬಾಂಧವರ ನಡುವೆ ಇಟ್ಟು ನೋಡಿದರು.

ಮೂಲಶಬ್ದಕ್ಕೆ ಎಷ್ಟು ಅರ್ಥಗಳನ್ನಾದರೂ ಕೋಶಗಳು ಕೊಡಬಹುದು. ಅವುಗಳಲ್ಲಿ ಒಂದನ್ನು ಆರಿಸುವಾಗ ವ್ಯಾಖ್ಯಾನಕಾರನು ತನ್ನ ಪಾಂಡಿತ್ಯದ ಜೊತೆಗೆ ನೆರೆಯವರ ಬಾಳುವೆಯ ಹೊಣೆಯನ್ನೂ ಹೊತ್ತಿರುತ್ತಾನೆ. ಕಾಣಿಕೆಗಳನ್ನು ಹಿಡಿದು ಮಗಳ ಬಾಗಿಲಲ್ಲಿ ಕಾದು ನಿಂತಿದ್ದ ಆ ತಾಯಿಯ ಮತ ಬದಲಾಗಿರಲಿಲ್ಲ. ಮಗಳ ಮತವೂ ಬದಲಾಗಲಿಲ್ಲ. ವಿಚಾರಿಸಿ ತಿಳಿದ ಮೇಲೆ ಆ ಬಾಗಿಲನ್ನು ತೆರೆಯಲು ಮಗಳಿಗೆ ಅಡ್ಡಿಯೇನೂ ಉಳಿಯಲಿಲ್ಲ.