ಕೋ-ಆಪ್ಟೆಕ್ಸ್ ಕಟ್ಟಡದ ವಳ್ಳಿಯಮ್ಮ

ತಾಂಬರಂನಿಂದ ಲೋಕಲ್ ರೈಲು ಹಿಡಿದು ಎಗ್ಮೋರಿನ ಕೋ-ಆಪ್ಟೆಕ್ಸ್‌ಗೆ ಸೀರೆ ಕೊಳ್ಳಲು ಹೋಗದವರು ನಮ್ಮಲ್ಲಿ ಕಡಿಮೆ. ಆ ಕಟ್ಟಡಕ್ಕೆ ತಿಲ್ಲೈಯಾಡಿ ವಳ್ಳಿಯಮ್ಮೈ ಎಂಬ ಹೆಸರಿದೆ. ಯಾರೋ ದಾನಿ ಇರಬೇಕೆಂದು ನಾನು ಎಷ್ಟೋ ವರ್ಷ ಅಂದುಕೊಂಡಿದ್ದೆ. ಮದುವೆಯಾದ ಮಗಳು ಗಂಡನ ಬಳಿಗೆ ವಿದೇಶಕ್ಕೆ ಹೊರಟಾಗ ವೀಸಾಕ್ಕೆ ಮದುವೆ ನೋಂದಣಿ ಪತ್ರ, ಬೆರಳಚ್ಚು ಎಲ್ಲ ಕೊಡಬೇಕಾಯಿತು. ಇದೆಲ್ಲ ಎಂದಿನಿಂದ ಶುರುವಾಯಿತು ಎಂದು ಓದಲು ಕೂತಾಗ ವಳ್ಳಿಯಮ್ಮ ಸಿಕ್ಕಳು.

1860ರಲ್ಲಿ ಮದರಾಸಿನಿಂದ ಹೊರಟ 'ಟ್ರೂರೋ' ಎಂಬ ಹಡಗು ಸುಮಾರು 340 ಕರಾರು ಕೂಲಿಗಳನ್ನು ದಕ್ಷಿಣ ಆಫ್ರಿಕದ ನೇಟಾಲ್‌ಗೆ ಕರೆದೊಯ್ದಿತು. ಅಲ್ಲಿನ ಬಿಳಿಯ ತೋಟದವರಿಗೆ ಇವರ ದುಡಿಮೆ ಬೇಕಿತ್ತು. ಕರಾರು ಮುಗಿದ ಮೇಲೆ ಇವರು ಅಲ್ಲೇ ನೆಲೆಸುವುದು ಬೇಕಿರಲಿಲ್ಲ. ಹಾಗಾಗಿ ಉಳಿದವರ ಮೇಲೆ ವರ್ಷಕ್ಕೆ 3 ಪೌಂಡ್ ತಲೆಗಂದಾಯ ಬಿತ್ತು. ಮುಂದೆ 16 ದಾಟಿದ ಗಂಡುಮಕ್ಕಳೂ 13 ದಾಟಿದ ಹೆಣ್ಣುಮಕ್ಕಳೂ ಅದನ್ನು ಕೊಡಬೇಕಾಯಿತು. 1897ರಲ್ಲಿ ಹೊಸದಾಗಿ ಬರುವವರಿಗೆ ಯುರೋಪಿನ ಭಾಷೆಯೊಂದರಲ್ಲಿ ಅರ್ಜಿ ಬರೆಯುವ ಪರೀಕ್ಷೆ ಬಂತು. ಕನ್ನಡ, ತಮಿಳು ಎಷ್ಟು ಓದಿದ್ದರೂ ಅಲ್ಲಿ ಲೆಕ್ಕಕ್ಕಿಲ್ಲ! 1901ರಲ್ಲಿ ಆಸ್ಟ್ರೇಲಿಯವೂ ಇದೇ ಉಪಾಯ ಹಿಡಿಯಿತು. ಪಕ್ಕದ ಟ್ರಾನ್ಸ್‌ವಾಲ್‌ನಲ್ಲಿ ಏಷ್ಯಾದವರು ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕಿತ್ತು. 1908ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಭಾರತೀಯರು ಆ ಪತ್ರಗಳನ್ನು ರಾಶಿ ಹಾಕಿ ಸುಟ್ಟರು.

ಕೊನೆಗೆ ಈ ಕಾನೂನು ಅಡುಗೆಮನೆಯವರೆಗೂ ಬಂತು. 1913ರ ಮಾರ್ಚ್‌ನಲ್ಲಿ, ಗಂಡನ ಬಳಿಗೆ ಬಂದ ಒಬ್ಬ ಹೆಂಡತಿಗೆ ಪ್ರವೇಶ ನಿರಾಕರಿಸಿದ ಮೊಕದ್ದಮೆಯಲ್ಲಿ ಕೇಪ್‌ನ ನ್ಯಾಯಾಧೀಶ ಸರ್ಲ್ ತೀರ್ಪು ಕೊಟ್ಟರು. ಅದರ ಪ್ರಕಾರ ಹಿಂದೂ, ಮುಸ್ಲಿಂ, ಪಾರ್ಸಿ ಪದ್ಧತಿಯ ಮದುವೆಗಳು ಕಾನೂನಿನ ಕಣ್ಣಿಗೆ ಮದುವೆಯೇ ಅಲ್ಲ. ತಾಳಿ ಕಟ್ಟಿಸಿಕೊಂಡು ಮಕ್ಕಳನ್ನು ಹೆತ್ತವರಿಗೆ ಒಂದೇ ದಿನದಲ್ಲಿ ಹೆಂಡತಿಯ ಸ್ಥಾನ ಹೋಯಿತು.

ಹೆಂಗಸರು ಸುಮ್ಮನೆ ಕೂರಲಿಲ್ಲ. ಒಂದು ಪ್ರಾಂತ್ಯದಿಂದ ಇನ್ನೊಂದಕ್ಕೆ ಹೋಗಲು ಭಾರತೀಯರಿಗೆ ಪರವಾನಗಿ ಬೇಕಿತ್ತಲ್ಲ, ಅದಿಲ್ಲದೆ ಗಡಿ ದಾಟುವುದನ್ನೇ ಸತ್ಯಾಗ್ರಹ ಮಾಡಿಕೊಂಡರು. ಸೆಪ್ಟೆಂಬರ್‌ನಲ್ಲಿ ಕಸ್ತೂರಬಾ ಮತ್ತು ಸಂಗಡಿಗರು ನೇಟಾಲ್‌ನಿಂದ ಹೊರಟು ಗಡಿಯೂರು ಫೋಕ್ಸ್‌ರಸ್ಟ್‌ನಲ್ಲಿ ಬಂಧಿತರಾದರು. ಮೂರು ತಿಂಗಳ ಕಠಿಣ ಸಜೆ. ಟ್ರಾನ್ಸ್‌ವಾಲ್‌ನ ತಮಿಳು ಹೆಂಗಸರು ಕಂಕುಳಲ್ಲಿ ಕೂಸುಗಳನ್ನು ಎತ್ತಿಕೊಂಡೇ ಅತ್ತಲಿಂದ ಗಡಿ ದಾಟಿ, ನ್ಯೂಕ್ಯಾಸಲ್‌ನ ಕಲ್ಲಿದ್ದಲು ಗಣಿ ಕೂಲಿಗಳನ್ನು ಮುಷ್ಕರಕ್ಕೆ ಎಬ್ಬಿಸಿದರು. ತಾಯಿಯೊಂದಿಗೆ ಚಳವಳಿಗೆ ಇಳಿದ ವಳ್ಳಿಯಮ್ಮ ಜೋಹಾನ್ಸ್‌ಬರ್ಗ್‌ನಲ್ಲೇ ಹುಟ್ಟಿದವಳು. ಜೈಲಿನಲ್ಲಿ ಜ್ವರ ಹಿಡಿದು, ಬಿಡುಗಡೆಯಾದ ಕೆಲವೇ ವಾರಗಳಲ್ಲಿ, 1914ರ ಫೆಬ್ರವರಿ 22ರಂದು ತೀರಿಕೊಂಡಳು. ಆಗ ಅವಳಿಗೆ ಹದಿನಾರು. ಹಾಸಿಗೆ ಹಿಡಿದವಳನ್ನು ಗಾಂಧೀಜಿ, ಜೈಲಿಗೆ ಹೋದದ್ದಕ್ಕೆ ಪಶ್ಚಾತ್ತಾಪವಿದೆಯೇ ಎಂದು ಕೇಳಿದರೆ, ಇನ್ನೊಮ್ಮೆ ಹೋಗಲೂ ಸಿದ್ಧ ಅಂದಳಂತೆ.

ಅದೇ ವರ್ಷ ತಲೆಗಂದಾಯ ರದ್ದಾಯಿತು, ಮದುವೆಗಳಿಗೆ ಮಾನ್ಯತೆ ಸಿಕ್ಕಿತು. ಪ್ರಾಂತ್ಯಗಳ ನಡುವಿನ ಗಡಿ ಮಾತ್ರ ತೆರೆಯಲಿಲ್ಲ. 1915ರಲ್ಲಿ ಗಾಂಧೀಜಿ ಅವಳ ಹಿರಿಯರ ಊರಾದ ತಿಲ್ಲೈಯಾಡಿಗೆ ಬಂದುಹೋದರು.

ಇದನ್ನು ಓದಿದ ಮೇಲೆ ಒಂದು ಸಂಗತಿ ನನ್ನನ್ನು ಕಾಡುತ್ತಿದೆ. ನಮ್ಮ ಬೀದಿಯಲ್ಲಿ ಕಟ್ಟಡ ಕೆಲಸಕ್ಕೆ ಬಿಹಾರ, ಒಡಿಶಾದಿಂದ ಸಂಸಾರಗಳು ಬಂದಿವೆ. ಕೆಲಸ ಬೇಗ ಮುಗಿಯಲಿ, ಆಮೇಲೆ ಇವರು ಇಲ್ಲೇ ಉಳಿಯದಿರಲಿ ಎಂದು ನೆರೆಯವರು ಹೇಳಿದಾಗ ನಾನೂ ತಲೆಯಾಡಿಸಿದ್ದೆ. ಕನ್ನಡ ನಾಡಿನಿಂದ ಬಂದು ಇಲ್ಲಿ ಮನೆ ಮಾಡಿದವಳು ನಾನು. ದುಡಿಮೆ ಬೇಕು, ಮನುಷ್ಯರು ಬೇಡ ಎಂಬ ಆ ಹಳೆಯ ಮಾತು ನನ್ನ ಬಾಯಿಗೂ ಬಂದಿತ್ತಲ್ಲ ಎಂದು ನಾಚಿಕೆಯಾಯಿತು.

ಮುಂದಿನ ಸಲ ಎಗ್ಮೋರಿಗೆ ಹೋದಾಗ, ಒಳಗೆ ಹೋಗುವ ಮೊದಲು ಆ ಹೆಸರನ್ನು ಒಮ್ಮೆ ಓದಿ.